ಒಂದು ದಿನ ಜೀವದ ಗೆಳತಿ, ಮರುದಿನ ‘ಟೂ’

ನಾಗಮಂಗಲ ತಾಲ್ಲೂಕಿನ ತಾಯಿಯೊಬ್ಬರ ಅಳಲು ಇದು. ಐದನೇ ತರಗತಿಯ ಮಗಳಿಗೆ ಗೆಳತಿ ಒಂದು ದಿನ ಅಂಟಿಕೊಂಡೇ ಇರುತ್ತಾಳೆ. ಮರುದಿನ ‘ಟೂ’ ಬಿಟ್ಟು, ಕುಂಟೆಬಿಲ್ಲೆ ಆಟಕ್ಕೆ ‘ನೀನು ಬ್ಯಾಡ’ ಎನ್ನುತ್ತಾಳೆ. ಶಾಲೆ ಬದಲಿಸಬೇಕೇ?

ಆ ಅವಸರ ಬೇಡ. ಆದರೆ ಮಗುವಿನ ನೋವು ಸಣ್ಣದೂ ಅಲ್ಲ.

ಮನೋವಿಜ್ಞಾನಿ ಕಿಪ್ಲಿಂಗ್ ವಿಲಿಯಮ್ಸ್ ತಂಡ ಪರಸ್ಪರ ಎಸೆದು ಹಿಡಿಯುವ ಕಂಪ್ಯೂಟರ್ ಆಟವೊಂದನ್ನು ಬಳಸಿ ನಡೆಸಿದ ಪ್ರಯೋಗವನ್ನು 2000ದಲ್ಲಿ ಪ್ರಕಟಿಸಿತು. ಜೊತೆಗೆ ಆಡುತ್ತಿರುವವರು ಮುಖ ಪರಿಚಯವೇ ಇಲ್ಲದವರು ಎಂದು ಭಾಗವಹಿಸಿದವರು ನಂಬಿದ್ದರು. ಆದರೂ ಎಸೆತ ತಮ್ಮ ಕಡೆ ಬಾರದಿದ್ದಾಗ ದೊಡ್ಡವರೇ ಕುಗ್ಗಿಹೋದರು. ದಿನವೂ ಒಂದೇ ಬೆಂಚಿನಲ್ಲಿ ಕೂರುವವಳು ದೂರವಿಟ್ಟರೆ ಮಗುವಿಗೆ ಹೇಗಾಗಬೇಡ?

‘ಅಷ್ಟಕ್ಕೆಲ್ಲ ಅಳ್ತಾರಾ?’ ಎಂಬ ಮಾತು ಮನೆಯಲ್ಲಿ ನಿಲ್ಲಲಿ. ‘ಇವತ್ತು ಯಾರ ಜೊತೆ ಊಟಕ್ಕೆ ಕೂತಿದ್ದೆ?’ ಎಂದು ಕೇಳಿದರೆ ಸಂಗತಿ ತಾನಾಗಿ ಹೊರಬರುತ್ತದೆ. ಗೆಳತಿಯ ಮನೆಗೆ ಜಗಳಕ್ಕೆ ಹೋಗುವ ಬದಲು ತರಗತಿಯ ಇನ್ನೊಂದು ಮೆತ್ತನೆ ಸ್ವಭಾವದ ಮಗುವನ್ನು ಹುಡುಕಬೇಕು. ಭಾನುವಾರ ಇಬ್ಬರನ್ನೂ ಆದಿಚುಂಚನಗಿರಿ ಬೆಟ್ಟಕ್ಕೆ ನವಿಲು ನೋಡಲು ಕರೆದೊಯ್ಯಬಹುದು. ಗುಂಪಿನಲ್ಲಿ ಬಾಯಿ ಬಿಡದ ಮಕ್ಕಳು ಇಬ್ಬರೇ ಇದ್ದಾಗ ಸಲೀಸಾಗಿ ಹೊಂದಿಕೊಳ್ಳುತ್ತಾರೆ. ಆಟದ ತಂಡ ಆರಿಸುವ ಕೆಲಸವನ್ನು ಮಕ್ಕಳಿಗೆ ಬಿಡದೆ ಟೀಚರೇ ಮಾಡಿದರೆ ಅರ್ಧ ಸಮಸ್ಯೆ ತಗ್ಗುತ್ತದೆ.

ದೂರವಿಡಲು ಜಾತಿ ಕಾರಣವಾಗಿದ್ದರೆ ಮಾತು ಬೇರೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ಮುಖ್ಯಶಿಕ್ಷಕರಿಗೆ ಲಿಖಿತ ದೂರು ಕೊಡಬೇಕು, ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಬಹುದು.

ಮಗು ಊಟ ಬಿಟ್ಟರೆ, ಬೆಳಿಗ್ಗೆ ಹೊಟ್ಟೆನೋವೆಂದು ಪದೇಪದೇ ಶಾಲೆ ತಪ್ಪಿಸಿದರೆ ಮಕ್ಕಳ ವೈದ್ಯರನ್ನು ಕಾಣಬೇಕು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ.