ಶಾಲೆಯ ಛಾಯಾಚಿತ್ರಗಳ ಸಂಸ್ಕರಣೆಗೆ ಗಣಕಯಂತ್ರದ ಆಯ್ಕೆ

ಶಾಲೆಯೊಂದರ ಇತಿಹಾಸವು ಹಾಜರಿ ಪುಸ್ತಕ, ಲೆಕ್ಕಪತ್ರಗಳಲ್ಲಿ ಇರುವಂತೆಯೇ ಅದರ ಗೋಡೆಗಳ ಮೇಲೆ ತೂಗುಹಾಕಿದ ಸಮೂಹ ಛಾಯಾಚಿತ್ರಗಳಲ್ಲಿಯೂ ಇರುತ್ತದೆ. ನಡುವೆ ಕುರ್ಚಿಗಳ ಮೇಲೆ ಗುರುವೃಂದ, ಮುಂದೆ ನೆಲದ ಮೇಲೆ ಕಾಲು ಮಡಿಚಿ ಕುಳಿತ ಕಿರಿಯರು, ಹಿಂದೆ ಬೆಂಚುಗಳ ಮೇಲೆ ಸಾಲುಗಟ್ಟಿ ನಿಂತ ಹಿರಿಯ ವಿದ್ಯಾರ್ಥಿಗಳು. ಮನೆಯಲ್ಲಿ ಕ್ಯಾಮೆರಾ ಎಂಬುದೇ ಇರದಿದ್ದ ಕಾಲದ ಹಳ್ಳಿಯ ಮಕ್ಕಳಲ್ಲಿ ಎಷ್ಟೋ ಮಂದಿಗೆ ಬಾಲ್ಯದ ಚಿತ್ರವೆಂದರೆ ಅದೊಂದೇ. ಆ ಚಿತ್ರ ಅಳಿದರೆ ಆ ಮುಖವೂ ಅಳಿದಂತೆಯೇ ಸರಿ.

ಕೃಷ್ಣಾ ತುಂಗಭದ್ರೆಯರ ನಡುವಿನ ಈ ಸೀಮೆಯಲ್ಲಿ ಚಿತ್ರಗಳು ಅಳಿಯಲು ಕಾರಣಗಳು ಹಲವು. ಬೇಸಿಗೆಯಲ್ಲಿ ನಲವತ್ತು ಡಿಗ್ರಿಯನ್ನು ಮೀರುವ ಬಿಸಿಲು, ಮಳೆಗಾಲದಲ್ಲಿ ಗೋಡೆಯಿಂದ ಇಳಿಯುವ ತೇವ, ಚೌಕಟ್ಟಿನ ಹಿಂದಿನ ರಟ್ಟನ್ನು ಹುಡುಕಿಕೊಂಡು ಬರುವ ಗೆದ್ದಲು. ಕಲ್ಮಲದಿಂದ ಮಾನ್ವಿ, ಸಿಂಧನೂರುಗಳ ಮೂಲಕ ಶಿಗ್ಗಾಂವಿಯತ್ತ ಸಾಗುವ ರಾಜ್ಯ ಹೆದ್ದಾರಿಯ ಇಕ್ಕೆಲಗಳ ಊರುಗಳಲ್ಲಿ ಆಗಲಿ, ದೇವದುರ್ಗದ ಕಡೆಯ ಹಳ್ಳಿಗಳಲ್ಲಿ ಆಗಲಿ, ಹಳೆಯ ಶಾಲೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರದಲ್ಲಿ ತಿದ್ದಿ ಉಳಿಸಿಕೊಳ್ಳಬೇಕೆಂಬ ಮಾತು ಬಂದಾಗ ಮೊದಲು ಏಳುವ ಪ್ರಶ್ನೆ, ಯಾವ ಗಣಕಯಂತ್ರವನ್ನು ಕೊಳ್ಳಬೇಕು ಎಂಬುದು. ಅಂಗಡಿಯವರು ಪ್ರೊಸೆಸರಿನ ಹೆಸರಿನಿಂದ ಮಾತು ಆರಂಭಿಸುತ್ತಾರೆ. ಶಾಲೆಯು ಮಾತು ಆರಂಭಿಸಬೇಕಾದುದು ಅಲ್ಲಿಂದಲ್ಲ, ಚಿತ್ರದೊಳಗಿನ ಮುಖದ ಅಳತೆಯಿಂದ.

ಹತ್ತು ಅಂಗುಲ ಅಗಲ, ಎಂಟು ಅಂಗುಲ ಎತ್ತರದ ಒಂದು ಸಮೂಹ ಚಿತ್ರವನ್ನು ತೆಗೆದುಕೊಳ್ಳೋಣ. ಸಾಲಿಗೆ ಇಪ್ಪತ್ತೈದು ಮಕ್ಕಳಿದ್ದಾರೆಂದರೆ ಒಬ್ಬೊಬ್ಬರ ಪಾಲಿಗೆ 0.4 ಅಂಗುಲ ಜಾಗ. ಅದರಲ್ಲಿ ಮುಖದ ಅಗಲ ಸುಮಾರು ಅರ್ಧ, ಅಂದರೆ 0.2 ಅಂಗುಲ. ಅಂಗುಲಕ್ಕೆ 300 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ಆ ಮುಖಕ್ಕೆ ದೊರೆಯುವುದು ಅಡ್ಡಸಾಲಿನಲ್ಲಿ 60 ಬಿಂದುಗಳು ಮಾತ್ರ. 600ರಂತೆ ಮಾಡಿದರೆ 120. ಅರವತ್ತು ಬಿಂದುಗಳಲ್ಲಿ ಯಾರೋ ಒಬ್ಬ ಬಾಲಕನಿದ್ದಾನೆಂದು ತಿಳಿಯುತ್ತದೆ. ನೂರಿಪ್ಪತ್ತರಲ್ಲಿ ಅವನು ಯಾರೆಂದು ಅವನ ತಂಗಿ ಗುರುತಿಸಬಲ್ಲಳು. ಆದುದರಿಂದ 600ಕ್ಕಿಂತ ಕಡಿಮೆಯ ಸ್ಕ್ಯಾನ್ ಶಾಲೆಯ ಸಮೂಹ ಚಿತ್ರಕ್ಕೆ ಸಲ್ಲದು.

ಇನ್ನು ಬಣ್ಣದ ಆಳ. ಸಾಮಾನ್ಯ 8 ಬಿಟ್ ಚಿತ್ರದಲ್ಲಿ ಕಪ್ಪಿನಿಂದ ಬಿಳುಪಿನವರೆಗೆ 256 ಮೆಟ್ಟಿಲುಗಳಿರುತ್ತವೆ. ಮಾಸಿದ ಚಿತ್ರದಲ್ಲಿ ಕಪ್ಪು ಬೂದಿಯಾಗಿ, ಬಿಳುಪು ಹಳದಿಯಾಗಿ, ಉಳಿದಿರುವುದು ನಡುವಿನ ಕಾಲುಭಾಗ ಎಂದುಕೊಂಡರೆ ಅಲ್ಲಿ ಸಿಗುವ ಮೆಟ್ಟಿಲುಗಳು ಕೇವಲ 64. ಅವನ್ನು ಎಳೆದು ಹಿಗ್ಗಿಸಿದಾಗ ಕೆನ್ನೆಯ ಮೇಲೆ ಪಟ್ಟೆಪಟ್ಟೆಯಾಗಿ ಬಿರುಕು ಕಾಣಿಸುತ್ತದೆ. 16 ಬಿಟ್ಟಿನ ಸ್ಕ್ಯಾನಿನಲ್ಲಿ ಮೆಟ್ಟಿಲುಗಳು 65,536; ಕಾಲುಭಾಗವೇ ಉಳಿದಿದ್ದರೂ ಹದಿನಾರು ಸಾವಿರಕ್ಕೂ ಮಿಕ್ಕು ದೊರೆಯುತ್ತವೆ. ಚಿತ್ರ ಕಪ್ಪು ಬಿಳುಪಿನದೇ ಆಗಿದ್ದರೂ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡುವುದು ಲೇಸು. ಹಳದಿ ಕಲೆಯು ಕೆಂಪು ಪದರದಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತದೆ. ಆ ಪದರವೊಂದನ್ನೇ ಎತ್ತಿಕೊಂಡರೆ ಅರ್ಧ ಕೆಲಸ ತಿದ್ದದೆಯೇ ಮುಗಿದಿರುತ್ತದೆ.

ಈ ಲೆಕ್ಕದ ಪ್ರಕಾರ ಒಂದು ಚಿತ್ರವು 6000 ಅಡ್ಡ, 4800 ಉದ್ದ ಬಿಂದುಗಳದ್ದಾಗಿ, ಸುಮಾರು 173 ಮೆಗಾಬೈಟ್ ತೂಗುತ್ತದೆ. ಧೂಳಿನ ಚುಕ್ಕೆ ಒರೆಸಲು ಒಂದು ಪದರ, ಬಿರುಕು ಮುಚ್ಚಲು ಮತ್ತೊಂದು, ಬೆಳಕಿಗೆ ಇನ್ನೊಂದು ಎಂದು ಪದರಗಳು ಏರಿದಂತೆಲ್ಲ ತೂಕವೂ ಏರುತ್ತದೆ. ತಂತ್ರಾಂಶವು ಹಿಂದಿನ ಹೆಜ್ಜೆಗಳನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. 8 ಗಿಗಾಬೈಟ್ ರ್ಯಾಮ್ ಇರುವ ಯಂತ್ರ ಇಲ್ಲಿ ಏದುಸಿರು ಬಿಡುತ್ತದೆ. 16 ಇರಲೇಬೇಕು, 32 ಇದ್ದರೆ ನಿಶ್ಚಿಂತೆ. 2025ರ ಕೊನೆಯ ತಿಂಗಳುಗಳಿಂದ ರ್ಯಾಮಿನ ಬೆಲೆ ವಿಪರೀತ ಏರಿರುವುದರಿಂದ, ಈಗ 16ರ ಒಂದೇ ಪಟ್ಟಿಯನ್ನು ಹಾಕಿಸಿ ಇನ್ನೊಂದು ಗೂಡನ್ನು ಖಾಲಿ ಉಳಿಸಿಕೊಳ್ಳುವುದು ಜಾಣತನ. ಮೇಜಿನ ಗಣಕಯಂತ್ರದ ದೊಡ್ಡ ಗುಣವೇ ಇದು. ಮಡಿಚುವ ಯಂತ್ರಗಳಲ್ಲಿ ಹಲವಕ್ಕೆ ರ್ಯಾಮನ್ನು ಬೆಸುಗೆ ಹಾಕಿರುತ್ತಾರೆ. ಮೇಜಿನ ಯಂತ್ರವನ್ನು ರಾಯಚೂರಿನ ಯಾವುದೇ ದುರಸ್ತಿಗಾರ ಬಿಚ್ಚಿ ಕೂಡಿಸಬಲ್ಲ.

ಪ್ರೊಸೆಸರಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಇಂಟೆಲ್ ಆಗಲಿ ಎಎಂಡಿ ಆಗಲಿ, ಈಚಿನ ತಲೆಮಾರಿನ ಆರು ತಿರುಳುಗಳ, 65 ವ್ಯಾಟ್ ವರ್ಗದ ಮಧ್ಯಮ ಪ್ರೊಸೆಸರು ಧಾರಾಳವಾಗಿ ಸಾಕು. ಅದರೊಳಗೇ ಚಿತ್ರಫಲಕವೂ ಅಡಗಿದ್ದರೆ ಬೇರೆ ಗ್ರಾಫಿಕ್ಸ್ ಕಾರ್ಡು ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹಳೆಯ ಮುಖಗಳನ್ನು ಕ್ಷಣಮಾತ್ರದಲ್ಲಿ ಹೊಳೆಯುವಂತೆ ಮಾಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ. ಅವು ಸ್ವಂತ ಯಂತ್ರದಲ್ಲಿಯೇ ವೇಗವಾಗಿ ನಡೆಯಲು ಬೆಲೆಬಾಳುವ ಗ್ರಾಫಿಕ್ಸ್ ಕಾರ್ಡು ಬೇಕಲ್ಲವೇ ಎಂಬುದು. ಬೇಕು, ನಿಜ. ಆದರೆ ಶಾಲೆಗೆ ಅಂಥ ತಂತ್ರಾಂಶವೇ ಬೇಕೇ ಎಂಬುದು ಮೊದಲು ನಿರ್ಧಾರವಾಗಬೇಕಾದ ಮಾತು. ಅರವತ್ತು ಬಿಂದುಗಳ ಮಸುಕು ಮುಖದಿಂದ ಆ ತಂತ್ರಾಂಶವು ರೆಪ್ಪೆಗೂದಲು ಸಹಿತ ಸ್ಪಷ್ಟ ಮುಖವನ್ನು ತೆಗೆದುಕೊಡುತ್ತದೆ. ಆ ರೆಪ್ಪೆಗೂದಲು ಎಲ್ಲಿಂದ ಬಂತು? ಮೂಲ ಚಿತ್ರದಲ್ಲಿ ಅದು ಇರಲಿಲ್ಲ. ಎಲ್ಲೆಲ್ಲಿಯದೋ ಅಸಂಖ್ಯ ಮುಖಗಳನ್ನು ನೋಡಿ ಕಲಿತ ಯಂತ್ರವು, ಹೀಗಿದ್ದಿರಬಹುದೆಂದು ಊಹಿಸಿ ಬರೆದದ್ದು ಅದು. ಮುಖ ಸುಂದರವಾಗಿರುತ್ತದೆ, ಆದರೆ ಮಾನ್ವಿಯ ಕಡೆಯ ಆ ಬಾಲಕನದಾಗಿರುವುದಿಲ್ಲ. ಚುಕ್ಕೆ ಒರೆಸುವುದು, ಬಿರುಕು ಮುಚ್ಚುವುದು, ಕಂದಿದ ಬೆಳಕನ್ನು ಮರಳಿಸುವುದು ಸಂಸ್ಕರಣೆ. ಇಲ್ಲದ ಕಣ್ಣನ್ನು ಬರೆದು ಕೂಡಿಸುವುದು ಬೇರೆ ಕೆಲಸ. ದಾಖಲೆಯೆಂದು ಅದನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚುಹಾಕುವುದು ಮೃತರಾದ ಗುರುಗಳಿಗೂ ಅವರ ಮನೆಯವರಿಗೂ ನ್ಯಾಯವಲ್ಲ. ಈ ನಿಲುವನ್ನು ಒಪ್ಪಿದ ಶಾಲೆಗೆ ಗ್ರಾಫಿಕ್ಸ್ ಕಾರ್ಡಿನ ಹಣ ಪೂರ್ತಿ ಉಳಿಯುತ್ತದೆ. ಆ ಹಣ ಹೋಗಬೇಕಾದ ಜಾಗ ಮಾನಿಟರ್.

ಗಣಕಯಂತ್ರದ ಪೆಟ್ಟಿಗೆ ಎಷ್ಟೇ ಸಮರ್ಥವಾಗಿರಲಿ, ತಿದ್ದುವವರು ನೋಡಿ ತೀರ್ಮಾನಿಸುವುದು ಪರದೆಯ ಮೇಲೆ. ಪರದೆ ಸುಳ್ಳು ಹೇಳಿದರೆ ಕೈ ಸುಳ್ಳನ್ನೇ ತಿದ್ದುತ್ತದೆ. ಕಚೇರಿ ಕೆಲಸಕ್ಕೆಂದು ಮಾರುವ ಅಗ್ಗದ ಪರದೆಗಳಲ್ಲಿ ಟಿಎನ್ ಬಗೆಯವು ಇನ್ನೂ ಸಿಗುತ್ತವೆ. ತಲೆಯನ್ನು ಸ್ವಲ್ಪ ಎತ್ತಿದರೆ ಚಿತ್ರ ಬೆಳ್ಳಗಾಗುತ್ತದೆ, ತಗ್ಗಿಸಿದರೆ ಕಪ್ಪಾಗುತ್ತದೆ. ಐಪಿಎಸ್ ಬಗೆಯ ಫಲಕ ಈ ಕೆಲಸಕ್ಕೆ ಕಡ್ಡಾಯ. ಅಷ್ಟೇ ಸಾಲದು. ವಿವರಪತ್ರದಲ್ಲಿ ‘ಎನ್‌ಟಿಎಸ್‌ಸಿ ಶೇ. 45’ ಎಂದು ಬರೆದಿದ್ದರೆ ಆ ಪರದೆ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ವರ್ಣಕ್ಷೇತ್ರದ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚನ್ನು ತೋರಿಸಲಾರದು. ಮಠದ ಶಾಲೆಯ ಚಿತ್ರಗಳಲ್ಲಿ ಇದು ಕೂಡಲೇ ಎದ್ದುಕಾಣುವ ದೋಷ: ಕಾವಿಯು ಅಂಥ ಪರದೆಯ ಮೇಲೆ ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ, ತಿದ್ದುವವರು ಅದನ್ನು ಏರಿಸುತ್ತಾರೆ, ಅಚ್ಚಿನಲ್ಲಿ ಅದು ಕಿತ್ತಳೆ ಹಣ್ಣಾಗಿ ಹೊರಬರುತ್ತದೆ. ‘ಎಸ್‌ಆರ್‌ಜಿಬಿ ಶೇ. 99’ ಅಥವಾ ‘ಎನ್‌ಟಿಎಸ್‌ಸಿ ಶೇ. 72’ ಎಂದು ಸ್ಪಷ್ಟವಾಗಿ ನಮೂದಿಸಿರುವ, 24 ಇಲ್ಲವೆ 27 ಅಂಗುಲದ ಪರದೆಯನ್ನು ಆರಿಸಬೇಕು. ಇನ್ನೂ ವಿಶಾಲ ವರ್ಣಕ್ಷೇತ್ರದ ದುಬಾರಿ ಪರದೆಗಳಿವೆ. ನಾಲ್ಕು ಬಣ್ಣಗಳ ಆಫ್‌ಸೆಟ್ ಮುದ್ರಣಕ್ಕೆ ಹೋಗುವ ಶಾಲಾ ಸಂಚಿಕೆಗೆ ಅವುಗಳ ಅಗತ್ಯವಿಲ್ಲ.

ಅಂಗಡಿಯಲ್ಲಿ ಪರದೆಯನ್ನು ಪರೀಕ್ಷಿಸಲು ಕಂಪನಿಯವರ ಹೂವು, ಗಿಳಿಗಳ ಚಿತ್ರ ಸಲ್ಲದು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, ನಲವತ್ತು ಅಡಿಗೂ ಮಿಕ್ಕ ಉದ್ದದ ಶಿಲೆಯಿದೆ. ಅದನ್ನು ಬಂಡಿಯ ಮೇಲೇರಿಸಿ ಎಳೆದುತಂದ ದೃಶ್ಯವನ್ನೂ ಗೆರೆಗಳಲ್ಲಿ ಕೊರೆದಿದ್ದಾರೆ. ಬೆಳಗಿನ ಇಲ್ಲವೆ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದ ಆ ಕಲ್ಲಿನ ಚಿತ್ರವೊಂದನ್ನು ಪೆನ್‌ಡ್ರೈವಿನಲ್ಲಿ ಒಯ್ದು ತೆರೆಸಬೇಕು. ಬೂದುಬಣ್ಣದ ಮೇಲೆ ಬೂದುಬಣ್ಣದ ಆ ಸವೆದ ಗೆರೆಗಳು ಕಂಡರೆ ಪರದೆ ಯೋಗ್ಯ. ಜೊತೆಗೆ ಬಿಳಿಯ ಅಂಗಿ ತೊಟ್ಟು ವಿಭೂತಿ ಧರಿಸಿದ ಹಿರಿಯರೊಬ್ಬರ ಚಿತ್ರವಿರಲಿ. ಹಣೆಯ ಮೇಲಿನ ಮೂರು ಪಟ್ಟೆಗಳು ಬೇರೆಬೇರೆಯಾಗಿ ಕಾಣದೆ ಒಂದೇ ಬಿಳಿ ತೇಪೆಯಾಗಿ ಕಂಡರೆ ಆ ಪರದೆಯ ಹೊಳಪಿಗೆ ಮರುಳಾಗಬಾರದು.

ಕೊಂಡ ಮೇಲೂ ಒಂದು ಕೆಲಸ ಉಂಟು. ಹೊಸ ಪರದೆಗಳನ್ನು ಅಂಗಡಿಯಲ್ಲಿ ಕಣ್ಸೆಳೆಯಲೆಂದು ಅತಿಯಾದ ಬೆಳಕಿಗೆ ಹೊಂದಿಸಿರುತ್ತಾರೆ. ಹಾಗೆಯೇ ಬಿಟ್ಟು ತಿದ್ದಿದರೆ ಚಿತ್ರ ಪರದೆಯಲ್ಲಿ ಬೆಳಗುತ್ತದೆ, ಅಚ್ಚಿನಲ್ಲಿ ಕಪ್ಪಿಡುತ್ತದೆ. ಎಷ್ಟೋ ಸಂಚಿಕೆಗಳಲ್ಲಿ ದಾನಿಗಳ ಮುಖ ಮಸಿಯಂತೆ ಬಂದಿರುವುದರ ಗುಟ್ಟು ಇದು, ಪಾಪ, ಬೈಗುಳ ಮಾತ್ರ ಮುದ್ರಕರಿಗೆ. ಮುದ್ರಣಕ್ಕೆ ತಿದ್ದುವಾಗ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಬೆಳಕು ಸಾಕು. ಅಳೆಯಲು ವರ್ಣಮಾಪಕವೆಂಬ ಅಂಗೈಯಗಲದ ಉಪಕರಣವಿದೆ. ವರ್ಷಕ್ಕೆ ಕೆಲವು ಸಲ ಮಾತ್ರ ಬೇಕಾಗುವ ಅದನ್ನು ನಾಲ್ಕಾರು ಶಾಲೆಗಳು ಕೂಡಿ ಕೊಳ್ಳಬಹುದು. ಪರದೆಯನ್ನು ಕಿಟಕಿಗೆ ಎದುರಾಗಿಯೂ ಕಿಟಕಿಯ ಮುಂದೆಯೂ ಇಡದೆ, ಬೆಳಕು ಪಕ್ಕದಿಂದ ಬೀಳುವಂತೆ ಇರಿಸಬೇಕು. ಕೋಣೆಯ ಗೋಡೆಗೆ ಗಾಢವಾದ ಹಸಿರು, ನೀಲಿ ಬೇಡ.

ಸಂಗ್ರಹದ ವಿಷಯ. ಕೆಲಸ ನಡೆಯುವ ಡಿಸ್ಕು ಎಸ್‌ಎಸ್‌ಡಿ ಆಗಿರಬೇಕು. ಒಂದು ಟೆರಾಬೈಟ್ ಹಿತಕರ. ಆದರೆ ಸಾವಿರ ಚಿತ್ರಗಳು 173 ಗಿಗಾಬೈಟ್ ತುಂಬಿ ಕುಳಿತ ಆ ಡಿಸ್ಕು ಒಂದು ಮುಂಜಾನೆ ಏಳದೆ ಹೋದರೆ ಗೆದ್ದಲಿಗಿಂತ ಹೆಚ್ಚಿನ ನಾಶ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ ಎಂಬ ನಿಯಮವನ್ನು ಯಂತ್ರದ ಬೆಲೆಯೊಳಗೇ ಸೇರಿಸಿಕೊಳ್ಳಬೇಕು. ಹೊರಗಿನ ಎರಡು ಹಾರ್ಡ್‌ಡಿಸ್ಕುಗಳಿಗೆ ಹಣವಿಲ್ಲವೆಂದಾದರೆ ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿಯಬೇಕೇ ಹೊರತು ಪ್ರತಿಗಳಲ್ಲಿ ಅಲ್ಲ. ಮೂಲ ಸ್ಕ್ಯಾನನ್ನು ಟಿಫ್ ರೂಪದಲ್ಲಿ ಮುಟ್ಟದೆ ಇಟ್ಟು, ಅದರ ಪ್ರತಿಯನ್ನು ತಿದ್ದಬೇಕು. ಜೆಪೆಗ್ ರೂಪವು ತಿದ್ದಿ ಉಳಿಸಿದ ಪ್ರತಿಸಲವೂ ಒಂದಿಷ್ಟನ್ನು ಕಳೆದುಕೊಳ್ಳುತ್ತದೆ. ದೂರದ ಹಳೆಯ ವಿದ್ಯಾರ್ಥಿಗಳು ವಾಟ್ಸ್‌ಆ್ಯಪಿನಲ್ಲಿ ಚಿತ್ರ ಕಳಿಸುವುದಾದರೆ ಚಿತ್ರವಾಗಿ ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಬೇಕು. ಇಲ್ಲವಾದರೆ ಅದು ಕುಗ್ಗಿ ಬರುತ್ತದೆ, ಮುಖಗಳು ಹಾದಿಯಲ್ಲಿಯೇ ಕರಗಿರುತ್ತವೆ.

ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ಉತ್ಪಾದನೆಯಾಗುತ್ತಿದ್ದರೂ, ಹಳ್ಳಿಯ ಕೊನೆಯ ಕಂಬದಲ್ಲಿ ವೋಲ್ಟೇಜಿನ ಏರಿಳಿತ ತಪ್ಪಿದ್ದಲ್ಲ. ಉಳಿಸುವ ಕ್ಷಣದಲ್ಲಿಯೇ ವಿದ್ಯುತ್ ಹೋದರೆ ಕಡತ ಅರ್ಧಕ್ಕೆ ಮುರಿಯುತ್ತದೆ. 1000 ವಿಎ ಸಾಮರ್ಥ್ಯದ ಯುಪಿಎಸ್ ಈ ಬಗೆಯ ಯಂತ್ರವನ್ನು ಹತ್ತು ನಿಮಿಷ ನಿಲ್ಲಿಸಬಲ್ಲದು. ಕೆಲಸ ಉಳಿಸಿ ಮುಚ್ಚಲು ಅಷ್ಟು ಸಾಕು. ಅದಕ್ಕೂ ಮೊದಲು ಕೋಣೆಯ ಅರ್ಥಿಂಗನ್ನು ಪರೀಕ್ಷಿಸಿಕೊಳ್ಳಬೇಕು. ಭತ್ತದ ಸುಗ್ಗಿಯ ಹೊಟ್ಟು, ಹತ್ತಿಯ ಎಳೆ, ಎರೆಮಣ್ಣಿನ ಧೂಳು ಪೆಟ್ಟಿಗೆಯ ಫ್ಯಾನುಗಳಿಗೆ ಮೆತ್ತಿಕೊಂಡು, ಏಪ್ರಿಲ್ ಮೇ ತಿಂಗಳಲ್ಲಿ ಯಂತ್ರ ಕಾದು ನಿಧಾನವಾಗುತ್ತದೆ. 65 ವ್ಯಾಟಿನ ಪ್ರೊಸೆಸರು ಸಾಕೆಂದದ್ದು ಈ ಕಾರಣಕ್ಕಾಗಿಯೂ ಹೌದು. ಧೂಳುಜಾಲರಿ ಇರುವ ಪೆಟ್ಟಿಗೆಯನ್ನು ಆರಿಸಿ, ನೆಲದ ಮೇಲಿಡದೆ ಮೇಜಿನ ಮೇಲಿಟ್ಟು, ತಿಂಗಳಿಗೊಮ್ಮೆ ಊದಿ ಶುಚಿಗೊಳಿಸುವ ಹೊಣೆಯನ್ನು ಒಬ್ಬ ಶಿಕ್ಷಕರಿಗೆ ವಹಿಸುವುದು ಯೋಗ್ಯ.

ದಾನಿಗಳ ಗಮನಕ್ಕೆ ಒಂದು ಮಾತು. ಕಚೇರಿಗಳಲ್ಲಿ ಬಳಸಿಬಿಟ್ಟ ಗಣಕಯಂತ್ರಗಳನ್ನು ಶಾಲೆಗಳಿಗೆ ಕೊಡುವ ಸತ್ಸಂಪ್ರದಾಯವಿದೆ. ಅಕ್ಷರ ಜೋಡಣೆಗೆ ಅವು ಒದಗುತ್ತವೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು; ಆ ಹಳೆಯ ಯಂತ್ರಗಳಲ್ಲಿ ಬಹಳಷ್ಟು ವಿಂಡೋಸ್ 11ಕ್ಕೆ ಅರ್ಹವಲ್ಲ. ಅವುಗಳಲ್ಲಿ ಲಿನಕ್ಸ್ ಹಾಕಿ ಸ್ಕ್ಯಾನ್ ಮಾಡುವ ಕೆಲಸಕ್ಕೆ ಬಿಡಬಹುದು. ತಿದ್ದುವ ಕೆಲಸಕ್ಕೆ ಮಾತ್ರ ಇಂಥ ಐದು ಯಂತ್ರಗಳಿಗಿಂತ ಒಂದು ಒಳ್ಳೆಯ ಪರದೆಯ ದಾನ ಮೇಲು. ತಂತ್ರಾಂಶಕ್ಕೆ ಹಣವನ್ನೇ ತೊಡಗಿಸಬೇಕೆಂದಿಲ್ಲ. 1990ರಲ್ಲಿ ಹೊರಬಂದ ಫೋಟೋಶಾಪ್ ಇಂದು ಬಾಡಿಗೆಯ ರೂಪದಲ್ಲಿ ದೊರೆಯುತ್ತದೆ. ಶಾಲೆಗೆ ಅದು ತಿಂಗಳು ತಿಂಗಳ ಹೊರೆ. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಆರಂಭಿಸಿದ ಗಿಂಪ್ ಉಚಿತವಾಗಿದ್ದು, ಇಲ್ಲಿ ಹೇಳಿದ ಎಲ್ಲ ಕೆಲಸಕ್ಕೂ ಸಮರ್ಥವಾಗಿದೆ.

ತಿದ್ದಿದ ಚಿತ್ರದೊಡನೆ ಹೆಸರುಗಳೂ ಉಳಿಯಬೇಕು. ಸಾಲುವಾರು, ಎಡದಿಂದ ಬಲಕ್ಕೆ, ಯೂನಿಕೋಡ್ ಕನ್ನಡದಲ್ಲಿ ಟೈಪು ಮಾಡಿ ಚಿತ್ರದ ಕಡತದೊಳಗಿನ ವಿವರಣೆಯ ಜಾಗದಲ್ಲಿ ತುಂಬಬೇಕು. ಹಳೆಯ ಫಾಂಟುಗಳ ಸಂಕೇತದಲ್ಲಿ ಬರೆದರೆ ಆ ಫಾಂಟು ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಗುರುತುಗಳಾಗುತ್ತದೆ. ಚೌಕಟ್ಟನ್ನು ಬಿಚ್ಚಿದಾಗ ಚಿತ್ರದ ಹಿಂಬದಿಯನ್ನೂ ಅದೇ 600ರ ಅಳತೆಯಲ್ಲಿ ಸ್ಕ್ಯಾನ್ ಮಾಡಿಡಬೇಕು. ಸ್ಟುಡಿಯೊದ ಮುದ್ರೆ, ಪೆನ್ಸಿಲಿನಲ್ಲಿ ಬರೆದ ಇಸವಿ, ಯಾರೋ ಗುರುಗಳು ತಮ್ಮ ಕೈಯಿಂದ ಬರೆದಿಟ್ಟ ಹೆಸರುಗಳು ಹಲವು ವೇಳೆ ಅಲ್ಲಿಯೇ ಇರುತ್ತವೆ.