ಕಾಳಿನ ಮನೆಯಲ್ಲಿ ಬೆಕ್ಕಿನ ಹೊಲಸು: ಕಾರಣಗಳು ಮತ್ತು ನಿವಾರಣೆ

ಕೊಪ್ಪಳ ತಾಲೂಕಿನ ಅಳವಂಡಿ ಸುತ್ತಿನ ಎರೆ ಭೂಮಿಯಲ್ಲಿ ಹಿಂಗಾರಿ ಕಡಲೆ, ಬಿಳಿಜೋಳಗಳ ರಾಶಿ ಮುಗಿದು ಚೀಲಗಳು ಮನೆ ಸೇರುವ ಹೊತ್ತಿಗೆ, ಅವುಗಳ ಬೆನ್ನಿಗೆ ಇಲಿಗಳೂ ಮನೆ ಸೇರುತ್ತವೆ. ಇಲಿ ತಿನ್ನುವ ಕಾಳಿಗಿಂತ ಹಿಕ್ಕೆ, ಉಚ್ಚೆಗಳಿಂದ ಕೆಡಿಸುವ ಕಾಳು ಹೆಚ್ಚು. ಆದುದರಿಂದ ಕಾಳು ಕೂಡಿಡುವ ಮನೆಯಲ್ಲಿ ಒಂದು ಬೆಕ್ಕು ಇರುವುದು ಹಿಂದಿನಿಂದ ಬಂದ ರೂಢಿ. ಹೆಗ್ಗಣವನ್ನು ಕಂಡರೆ ಬೆಕ್ಕು ಹಿಂದೆ ಸರಿಯುವುದುಂಟು. ಆದರೆ ಸುಂಡಿಲಿಗಳನ್ನೂ ಇಲಿಮರಿಗಳನ್ನೂ ಅದು ಚೆನ್ನಾಗಿ ಹಿಡಿಯುತ್ತದೆ.

ಈ ಉಪಕಾರದ ಜೊತೆಗೆ ಒಂದು ಕಿರಿಕಿರಿಯೂ ಇದೆ. ಬೆಕ್ಕು ಪಡಸಾಲೆಯ ಮೂಲೆಯಲ್ಲೋ, ಕಡಲೆ ರಾಶಿಯ ಮೇಲೋ, ಕಣಿಕೆ ಬಣವೆಯ ಬುಡದಲ್ಲೋ ಹೊಲಸು ಮಾಡುತ್ತದೆ. ಮನೆಯವರು ಬೇಸತ್ತು ಅದನ್ನು ಹೊಡೆಯುತ್ತಾರೆ. ಕೊನೆಗೆ ಚೀಲದಲ್ಲಿ ಕಟ್ಟಿ ಬೇರೆ ಊರಿನ ಸೀಮೆಗೆ ಬಿಟ್ಟು ಬರುವುದೂ ಉಂಟು. ಇದರಿಂದ ತೊಂದರೆ ತಪ್ಪುವುದಿಲ್ಲ. ತೆರವಾದ ಜಾಗಕ್ಕೆ ಇನ್ನೊಂದು ಬೆಕ್ಕು ಬರುತ್ತದೆ, ಇಲ್ಲವೆ ಇಲಿಗಳು ಹೆಚ್ಚುತ್ತವೆ. ಬೆಕ್ಕಿಗೆ ಒಂದು ಗೊತ್ತಾದ ಜಾಗ ಮಾಡಿಕೊಟ್ಟು, ಆ ಜಾಗವನ್ನು ದಿನಕ್ಕೊಮ್ಮೆ ತಪ್ಪದೆ ಸ್ವಚ್ಛ ಮಾಡುವುದೇ ಸರಿಯಾದ ದಾರಿ. ದಿನಕ್ಕೊಮ್ಮೆ ಎಂಬ ಮಾತಿಗೆ ಬಲವಾದ ಕಾರಣವಿದೆ. ಅದನ್ನು ಮುಂದೆ ವಿವರಿಸಲಾಗಿದೆ.

ಬೆಕ್ಕು ಕಾಳಿನ ರಾಶಿಯನ್ನೇ ಏಕೆ ಹುಡುಕುತ್ತದೆ?

ಸಾಕು ಬೆಕ್ಕಿನ ಮೂಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣಪ್ರದೇಶದ ಕಾಡುಬೆಕ್ಕು. ಸಡಿಲವಾದ ಒಣ ಮಣ್ಣನ್ನು ಕೆದರಿ, ಹೊಲಸು ಮಾಡಿ, ಮತ್ತೆ ಮುಚ್ಚುವುದು ಅದರ ಹುಟ್ಟುಗುಣ. ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಎರೆ ಮಣ್ಣು ಈ ಗುಣಕ್ಕೆ ಒಗ್ಗುವುದಿಲ್ಲ. ಬೇಸಿಗೆಯಲ್ಲಿ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಪಾದಕ್ಕೆ ಅಂಟುತ್ತದೆ. ಆದ್ದರಿಂದ ಬೆಕ್ಕು ಮೆತ್ತಗಿನ ಒಣ ಜಾಗವನ್ನು ಹುಡುಕುತ್ತದೆ. ಒಲೆಯ ಬೂದಿ, ಮನೆ ಕಟ್ಟಲು ತಂದ ಮರಳಿನ ಗುಡ್ಡೆ, ಹೊಟ್ಟು, ತೆರೆದಿಟ್ಟ ಕಾಳಿನ ರಾಶಿ ಇವೆಲ್ಲ ಅದಕ್ಕೆ ಒಂದೇ. ಇದು ಹಟವಲ್ಲ, ಜಾಗದ ಕೊರತೆ.

ಹೊಲಸಿನಲ್ಲಿ ಅಡಗಿರುವ ಅಪಾಯ

ಬೆಕ್ಕಿನ ಮಲದಿಂದ ಹರಡುವ ರೋಗಗಳಲ್ಲಿ ಟಾಕ್ಸೋಪ್ಲಾಸ್ಮ ಎಂಬ ಸೂಕ್ಷ್ಮಜೀವಿಯಿಂದ ಬರುವ ರೋಗ ಮುಖ್ಯವಾದುದು. ಈ ಜೀವಿಯನ್ನು ವಿಜ್ಞಾನಿಗಳು 1908ರಲ್ಲಿಯೇ ಗುರುತಿಸಿದ್ದರು. ಆದರೆ ಅದು ಬೆಕ್ಕಿನ ಕರುಳಿನಲ್ಲಿ ವೃದ್ಧಿಯಾಗಿ ಮಲದೊಡನೆ ಹೊರಬೀಳುತ್ತದೆ ಎಂಬುದು ಖಚಿತವಾದದ್ದು 1970ರ ಸುಮಾರಿಗೆ.

ರೋಗವಿರುವ ಇಲಿಯನ್ನು ತಿಂದ ಬೆಕ್ಕಿಗೆ ಇದು ಅಂಟುತ್ತದೆ. ಮೊದಲ ಸಲ ಅಂಟಿದಾಗ ಬೆಕ್ಕು ಒಂದರಿಂದ ಮೂರು ವಾರಗಳವರೆಗೆ ಈ ಜೀವಿಯ ಲಕ್ಷಗಟ್ಟಲೆ ಕೋಶಗಳನ್ನು ಮಲದಲ್ಲಿ ಹೊರಹಾಕುತ್ತದೆ. ಆಮೇಲೆ ಹೊರಹಾಕುವುದು ಅಪರೂಪ. ಬೇಟೆ ಕಲಿಯುತ್ತಿರುವ ಮರಿಗಳಿಂದ ಅಪಾಯ ಹೆಚ್ಚೆನ್ನುವುದು ಇದೇ ಕಾರಣಕ್ಕೆ. ಹೊರಬಿದ್ದ ಕೋಶಗಳು ಆ ಕೂಡಲೇ ರೋಗ ತರುವುದಿಲ್ಲ. ಬಲಿಯಲು ಒಂದರಿಂದ ಐದು ದಿನ ಬೇಕು. ಬಲಿತ ಮೇಲೆ ತೇವ, ನೆರಳು ಇರುವ ಮಣ್ಣಿನಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಬದುಕಬಲ್ಲವು. ಅಂದಂದಿನ ಹೊಲಸನ್ನು ಅಂದೇ ತೆಗೆದರೆ ರೋಗ ಬಲಿಯುವ ಮೊದಲೇ ಮನೆಯಿಂದ ಹೊರಗೆ ಹೋದಂತೆ.

ಗಬ್ಬದ ಕುರಿ, ಮೇಕೆಗಳು ಹೊಲಸು ತಾಗಿದ ಮೇವು, ಕಾಳು, ನೀರನ್ನು ಸೇವಿಸಿದರೆ ಕಂದು ಹಾಕಬಹುದು. ಸತ್ತ ಇಲ್ಲವೆ ಬಲಹೀನ ಮರಿಗಳನ್ನು ಈಯಬಹುದು. ಕೆಂಗುರಿ, ಬಳ್ಳಾರಿ ತಳಿಗಳ ಕುರಿ ಸಾಕಿ ಬದುಕುವ ಕುಟುಂಬಗಳಿಗೆ ಇದು ಸಣ್ಣ ನಷ್ಟವಲ್ಲ.

ಮನುಷ್ಯರಲ್ಲಿ ಹೆಚ್ಚಿನವರಿಗೆ ಈ ರೋಗ ತಗುಲಿದ್ದೂ ತಿಳಿಯುವುದಿಲ್ಲ. ಆದರೆ ಬಸುರಿನಲ್ಲಿ ಮೊದಲ ಸಲ ತಗುಲಿದರೆ ಗರ್ಭದ ಕೂಸಿನ ಮಿದುಳು, ಕಣ್ಣುಗಳಿಗೆ ಹಾನಿಯಾಗಬಹುದು. 2004-05ರಲ್ಲಿ ತಮಿಳುನಾಡಿನ ಕೊಯಮತ್ತೂರಿನಲ್ಲಿ 248 ಜನರ ಕಣ್ಣಿಗೆ ಈ ರೋಗ ತಗುಲಿದ್ದು ದಾಖಲಾಗಿದೆ. ಕುಡಿಯುವ ನೀರಿನ ಮೂಲಕ ಹರಡಿರಬೇಕೆಂದು ವೈದ್ಯರು ಶಂಕಿಸಿದರು. ಆದುದರಿಂದ ಬೆಕ್ಕಿನ ಹೊಲಸನ್ನು ಬರಿಯ ವಾಸನೆಯ ಪ್ರಶ್ನೆಯೆಂದು ಕಡೆಗಣಿಸಬಾರದು.

ಪೆಟ್ಟಿಗೆಯ ತಯಾರಿ

ಬೆಕ್ಕಿನ ಪೆಟ್ಟಿಗೆಗೆ ಹಣ ಖರ್ಚು ಮಾಡಬೇಕಾಗಿಲ್ಲ. ತರಕಾರಿ ಸಾಗಿಸುವ ಹಳೆಯ ಪ್ಲಾಸ್ಟಿಕ್ ಕ್ರೇಟು ಸಾಕು. ಬೆಕ್ಕು ಒಳಗೆ ಸುತ್ತು ತಿರುಗುವಷ್ಟು, ಅಂದರೆ ಸುಮಾರು 2 ಅಡಿ ಉದ್ದ, ಒಂದೂವರೆ ಅಡಿ ಅಗಲ ಇರಬೇಕು. ಒಂದು ಬದಿಯನ್ನು ನೆಲದಿಂದ 4 ಇಂಚು ಎತ್ತರ ಬಿಟ್ಟು ಕತ್ತರಿಸಿ ಬಾಗಿಲು ಮಾಡಬೇಕು. ಉಳಿದ ಮೂರು ಬದಿ ಎತ್ತರವಾಗಿದ್ದರೆ ಕೆದರಿದ ಮಣ್ಣು ಹೊರಗೆ ಚೆಲ್ಲುವುದಿಲ್ಲ. ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು.

ಪೆಟ್ಟಿಗೆಯಲ್ಲಿ 2ರಿಂದ 3 ಇಂಚು ದಪ್ಪ ಹಾಸು ಇರಬೇಕು. ಸಾಣಿಗೆ ಹಿಡಿದ ಒಣ ಮರಳು ಉತ್ತಮ. ಬರಿಯ ಎರೆ ಮಣ್ಣು ಒದ್ದೆಯಾದಾಗ ಪಾದಕ್ಕೆ ಅಂಟುತ್ತದೆ. ಆದರೆ ಎರಡು ಪಾಲು ಮರಳಿಗೆ ಒಂದು ಪಾಲು ಬಿಸಿಲಲ್ಲಿ ಒಣಗಿಸಿ ಪುಡಿ ಮಾಡಿದ ಎರೆ ಮಣ್ಣು ಬೆರೆಸಿ ನೋಡಬಹುದು. ಎರೆ ಮಣ್ಣಿನ ಜೇಡಿ ತೇವವನ್ನು ಹೀರಿ ಉಂಡೆ ಕಟ್ಟುವುದರಿಂದ ಉಚ್ಚೆಯಾದ ಭಾಗವನ್ನು ಎತ್ತಿ ಹಾಕುವುದು ಸುಲಭ. ಪಟ್ಟಣದ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ, ಉಂಡೆ ಕಟ್ಟುವ ಬೆಕ್ಕಿನ ಹಾಸಿನಲ್ಲಿರುವುದೂ ಇದೇ ಜಾತಿಯ ಜೇಡಿಯೇ. ಅಮೆರಿಕದಲ್ಲಿ ಕೂಡ 1947ರಲ್ಲಿ ಎಡ್ವರ್ಡ್ ಲೋ ಎಂಬಾತ ಒಣ ಜೇಡಿಯನ್ನು ಚೀಲದಲ್ಲಿ ತುಂಬಿ ಮಾರತೊಡಗುವ ಮೊದಲು, ಜನ ಬೂದಿ, ಮರಳುಗಳನ್ನೇ ಬಳಸುತ್ತಿದ್ದರು.

ಗಂಗಾವತಿ ಕಡೆಯ ಭತ್ತದ ಹೊಟ್ಟನ್ನೂ ಬಳಸಬಹುದು. ಆದರೆ ಹಗುರವಾದ್ದರಿಂದ ಮನೆತುಂಬ ಹರಡುತ್ತದೆ. ಬರಿಯ ಬೂದಿ ಬೇಡ. ಒದ್ದೆಯಾದ ಬೂದಿಯ ಕ್ಷಾರ ಪಾದವನ್ನು ಸುಡುತ್ತದೆ. ಬೆಕ್ಕು ಪಾದವನ್ನು ನೆಕ್ಕಿದಾಗ ಬಾಯಿಗೂ ತಾಗುತ್ತದೆ.

ಜಾಗ ಮತ್ತು ರೂಢಿ

1. ಪೆಟ್ಟಿಗೆಯನ್ನು ಜನರ ಓಡಾಟ, ನಾಯಿಯ ಕಾಟ ಇಲ್ಲದ ಮೂಲೆಯಲ್ಲಿ ಇಡಬೇಕು. ಅಡುಗೆಮನೆ, ನೀರಿನ ಗಡಿಗೆ, ಕಾಳಿನ ಚೀಲ, ಗೋದಲಿಗಳ ಹತ್ತಿರ ಇಡಬಾರದು.

2. ಬೆಕ್ಕಿನ ಊಟದ ತಟ್ಟೆ ಪೆಟ್ಟಿಗೆಯಿಂದ ದೂರವಿರಬೇಕು. ಉಣ್ಣುವಲ್ಲಿ ಬೆಕ್ಕು ಹೊಲಸು ಮಾಡಲು ಒಪ್ಪುವುದಿಲ್ಲ.

3. ಒಂದು ಬೆಕ್ಕಿದ್ದರೆ ಎರಡು, ಎರಡಿದ್ದರೆ ಮೂರು ಪೆಟ್ಟಿಗೆ ಇಡುವುದು ಒಳ್ಳೆಯದು.

4. ಮೊದಲ ದಿನ ಬೆಕ್ಕು ಹೊಲಸು ಮಾಡಿದ ಮಣ್ಣನ್ನು ಸ್ವಲ್ಪ ಪೆಟ್ಟಿಗೆಯಲ್ಲಿ ಹಾಕಬೇಕು. ವಾಸನೆ ಹಿಡಿದು ಅದು ಅಲ್ಲಿಗೇ ಬರುತ್ತದೆ.

5. ಎರಡು ಮೂರು ದಿನ ಬೆಕ್ಕನ್ನು ಪೆಟ್ಟಿಗೆ ಇರುವ ಕೋಣೆಯಲ್ಲಿಯೇ ಇಟ್ಟು, ಉಂಡ ಮೇಲೆ ಮತ್ತು ನಿದ್ದೆಯಿಂದ ಎದ್ದ ಕೂಡಲೇ ಪೆಟ್ಟಿಗೆಯಲ್ಲಿ ಬಿಡಬೇಕು.

6. ತಪ್ಪಿದಾಗ ಹೊಡೆಯುವುದಾಗಲಿ, ಮೂತಿಯನ್ನು ಹೊಲಸಿಗೆ ಒತ್ತುವುದಾಗಲಿ ಕೂಡದು. ಬೆಕ್ಕು ಕಲಿಯುವುದು ಅಂಜಿಕೆಯನ್ನಷ್ಟೆ; ಮುಂದೆ ಕಣ್ಣಿಗೆ ಬೀಳದ ಜಾಗ ಹುಡುಕುತ್ತದೆ, ಹೊಲಸು ಚೀಲಗಳ ಸಂದಿಗೆ ಸೇರುತ್ತದೆ.

ಪೆಟ್ಟಿಗೆ ಬಿಟ್ಟು ಹೊರಗೆ ಮಾಡಿದರೆ

ಮೊದಲು ಪೆಟ್ಟಿಗೆಯನ್ನೇ ಪರೀಕ್ಷಿಸಬೇಕು. ಹೊಲಸು ತುಂಬಿದ ಪೆಟ್ಟಿಗೆಗೆ ಬೆಕ್ಕು ಕಾಲಿಡುವುದಿಲ್ಲ. ಪೆಟ್ಟಿಗೆ ಚಿಕ್ಕದಾಗಿದ್ದರೆ ಮುಂಗಾಲು ಒಳಗೆ, ಹಿಂಗಾಲು ಅಂಚಿಗೆ ಇಟ್ಟು ಮಾಡುವುದರಿಂದ ಹೊಲಸು ಹೊರಗೆ ಬೀಳುತ್ತದೆ. ಹಾಸನ್ನು ಒಮ್ಮೆಲೇ ಬದಲಿಸಿದರೂ ಬೆಕ್ಕು ದೂರ ಸರಿಯುತ್ತದೆ. ಹಳೆಯದರಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಹೋಗಬೇಕು.

ಗಂಡುಬೆಕ್ಕು ನಿಂತುಕೊಂಡೇ ಬಾಲವೆತ್ತಿ ಗೋಡೆಗೆ, ಚೀಲಕ್ಕೆ ಉಚ್ಚೆ ಸಿಡಿಸುವುದು ಬೇರೆ ವಿಷಯ. ಅದು ತನ್ನ ಸೀಮೆಯನ್ನು ಗುರುತಿಸುವ ಕ್ರಮ. ಇದಕ್ಕೆ ಪೆಟ್ಟಿಗೆ ಪರಿಹಾರವಲ್ಲ. ಐದಾರು ತಿಂಗಳ ವಯಸ್ಸಿನಲ್ಲಿ ಪಶುವೈದ್ಯರಿಂದ ಬೀಜ ತೆಗೆಸಿದರೆ ಈ ಚಾಳಿ ಬಹುಮಟ್ಟಿಗೆ ತಪ್ಪುತ್ತದೆ.

ರೂಢಿಯಾದ ಬೆಕ್ಕು ಇದ್ದಕ್ಕಿದ್ದಂತೆ ತಪ್ಪತೊಡಗಿದರೆ ಕಾಯಿಲೆಯ ಸಂಶಯ ಪಡಬೇಕು. ಗಂಡುಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕಿದರೂ ಉಚ್ಚೆ ಬಾರದಿದ್ದರೆ ಮೂತ್ರನಾಳ ಕಟ್ಟಿರಬಹುದು. ಒಂದೆರಡು ದಿನ ತಡಮಾಡಿದರೆ ಪ್ರಾಣಕ್ಕೆ ಅಪಾಯ. ಅಂದೇ ಪಶು ಆಸ್ಪತ್ರೆಗೆ ಒಯ್ಯಬೇಕು. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆಯನ್ನು ಬೆಕ್ಕಿಗೆ ಎಂದೂ ಕೊಡಬಾರದು. ಅದು ಬೆಕ್ಕಿಗೆ ವಿಷ.

ಸ್ವಚ್ಛ ಮಾಡುವ ಕ್ರಮ

ಪ್ರತಿದಿನ ಬೆಳಿಗ್ಗೆ ಹೊಲಸನ್ನೂ ಒದ್ದೆ ಉಂಡೆಗಳನ್ನೂ ಬೇರೆಯಾಗಿಟ್ಟ ಸಲಿಕೆಯಿಂದ ಎತ್ತಬೇಕು. ಬಾವಿ, ಕೊಳವೆಬಾವಿ, ಕೆರೆಗಳಿಂದ ದೂರದಲ್ಲಿ 2 ಅಡಿ ಆಳದ ಗುಂಡಿ ತೋಡಿ, ಅದರಲ್ಲಿ ಹಾಕಿ ಮಣ್ಣು ಮುಚ್ಚಬೇಕು. ತಿಪ್ಪೆಗೆ ಹಾಕಬಾರದು. ತಿಪ್ಪೆಯ ಅಂಚಿನಲ್ಲಿ ಸಾಕಷ್ಟು ಕಾವು ಹುಟ್ಟುವುದಿಲ್ಲ. ಅದೇ ಗೊಬ್ಬರ ಕಾಯಿಪಲ್ಲೆಯ ಮಡಿಗೆ ಹೋಗುತ್ತದೆ.

ವಾರಕ್ಕೊಮ್ಮೆ ಹಾಸನ್ನು ಪೂರ್ತಿ ಬದಲಿಸಿ, ಪೆಟ್ಟಿಗೆಗೆ ಕುದಿಯುವ ನೀರು ಸುರಿದು, ಸೋಪಿನಿಂದ ಉಜ್ಜಿ, ಬಿಸಿಲಿಗೆ ಒಣಗಿಸಬೇಕು. ಈ ರೋಗದ ಕೋಶಗಳು ಸಾಮಾನ್ಯ ಕ್ರಿಮಿನಾಶಕಗಳಿಗೆ ಜಗ್ಗುವುದಿಲ್ಲ, ಕುದಿಯುವ ನೀರಿಗೆ ಸಾಯುತ್ತವೆ. ಫಿನೈಲ್ ಬಳಸಬಾರದು. ಬೆಕ್ಕಿನ ದೇಹಕ್ಕೆ ಅದನ್ನು ಕರಗಿಸುವ ಶಕ್ತಿ ಕಡಿಮೆ.

ಮನೆಯೊಳಗೆ ಹೊಲಸಾದ ಜಾಗ ಮಣ್ಣಿನ ನೆಲವಾಗಿದ್ದರೆ 2 ಇಂಚು ಮಣ್ಣು ಕೆರೆದು ತೆಗೆದು ಹೊಸ ಮಣ್ಣು ಹಾಕಿ ಸಾರಿಸಬೇಕು. ಬಂಡೆ ಹಾಸಿದ ನೆಲವನ್ನು ಸೋಪಿನ ಬಿಸಿನೀರಿನಿಂದ ತೊಳೆದು, ಅಡುಗೆ ಸೋಡಾ ಉದುರಿಸಿ, ಒಣಗಿದ ಮೇಲೆ ಗುಡಿಸಬೇಕು. ಹಳೆಯ ವಾಸನೆ ಉಳಿದರೆ ಬೆಕ್ಕು ಅಲ್ಲಿಗೇ ಮರಳುತ್ತದೆ.

ಕಾಳು, ಮೇವು, ಹಿತ್ತಲಿನ ರಕ್ಷಣೆ

ಕಣದಲ್ಲಿ ರಾತ್ರಿ ಉಳಿಯುವ ರಾಶಿಯನ್ನೂ ಮನೆಯೊಳಗಿನ ತೆರೆದ ಕಾಳನ್ನೂ ತಾಡಪತ್ರಿಯಿಂದ ಮುಚ್ಚಿ ಅಂಚಿಗೆ ಕಲ್ಲು ಹೇರಬೇಕು. ಮಕ್ಕಳು ಆಡುವ ಮರಳಿನ ಗುಡ್ಡೆಗೂ ಇದು ಅನ್ವಯಿಸುತ್ತದೆ. ರಾಶಿಯಲ್ಲಿ ಹೊಲಸು ಕಂಡರೆ ಕೇವಲ ಮೇಲಿನದನ್ನು ತೆಗೆಯದೆ ಸುತ್ತಲಿನ ಕಾಳನ್ನೂ ಧಾರಾಳವಾಗಿ ಎತ್ತಿ ಹೂಳಬೇಕು. ಅದನ್ನು ದನಕರು, ಕುರಿ, ಕೋಳಿಗಳಿಗೂ ಹಾಕಬಾರದು.

ಗಬ್ಬದ ಕುರಿಗಳಿಗೆ ಬಣವೆಯ ಒಳಗಿನ ಸ್ವಚ್ಛ ಮೇವನ್ನೇ ಕೊಡಬೇಕು. ಕುರಿ ಕಂದು ಹಾಕಿದರೆ ಕಾರಣ ಬೇರೆ ರೋಗವೂ ಇರಬಹುದು. ಬಿದ್ದ ಕಂದು, ಮಾಸುಗಳನ್ನು ಬರಿಗೈಯಿಂದ ಮುಟ್ಟದೆ, ನಾಯಿ ಬೆಕ್ಕುಗಳಿಗೆ ಸಿಗದಂತೆ ಮುಚ್ಚಿಟ್ಟು ಪಶುವೈದ್ಯರಿಗೆ ತಿಳಿಸಬೇಕು. ಅವರು ನೋಡಿದ ಮೇಲೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ಹಿತ್ತಲಿನ ಮೆಂತ್ಯ, ಮೂಲಂಗಿ ಮಡಿಗಳ ಮೇಲೆ ಮೊಳಕೆ ಎತ್ತರವಾಗುವ ತನಕ ಜಾಲಿ ಇಲ್ಲವೆ ಬಾರಿಯ ಮುಳ್ಳು ಹರಡಿದರೆ ಬೆಕ್ಕು ಕೆದರುವುದಿಲ್ಲ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ, ಸೌತೆಗಳನ್ನು ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಮಾಂಸವನ್ನು ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಅರೆಬೆಂದ ಮಾಂಸದಿಂದಲೂ ಈ ರೋಗ ಬರುತ್ತದೆ.

ಬಸುರಿ ಹೆಣ್ಣುಮಗಳು ಇರುವ ಮನೆ

ಕುಬಸ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ಈ ಕಡೆಯ ಪದ್ಧತಿ. ಬಸುರಿನ ಮೊದಲ ತಿಂಗಳುಗಳಲ್ಲಿ ರೋಗ ತಗುಲಿದರೆ ಕೂಸಿಗೆ ಹಾನಿ ತೀವ್ರ; ಕೊನೆಯ ತಿಂಗಳುಗಳಲ್ಲಿ ತಗುಲಿದರೆ ಕೂಸಿಗೆ ದಾಟುವ ಸಂಭವ ಹೆಚ್ಚು. ಆದ್ದರಿಂದ ದಿನ ತುಂಬುತ್ತ ಬಂದಿದೆ, ಇನ್ನೇನು ಭಯವಿಲ್ಲ ಎಂದು ತಿಳಿಯಬಾರದು.

ಬಸುರಿಯು ಬೆಕ್ಕಿನ ಪೆಟ್ಟಿಗೆ ತೆಗೆಯುವುದು, ಹಿತ್ತಲಿನ ಮಣ್ಣು ಕೆದರುವುದು, ಕಂದು ಹಾಕಿದ ಕುರಿಯ ಆರೈಕೆ ಇವುಗಳಿಂದ ದೂರವಿರಬೇಕು. ಈ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳುವುದು ಒಳ್ಳೆಯದು. ಅವರೂ ಕೆಲಸದ ನಂತರ ಸೋಪಿನಿಂದ ಕೈ ತೊಳೆದೇ ನೀರು, ಅನ್ನ ಮುಟ್ಟಬೇಕು. ಬೆಕ್ಕನ್ನು ಮನೆಯಿಂದ ಓಡಿಸುವ ಅಗತ್ಯವಿಲ್ಲ. ಅದರ ಮೈ ಸವರಿದ ಮಾತ್ರಕ್ಕೆ ಈ ರೋಗ ಸಾಮಾನ್ಯವಾಗಿ ಬರುವುದಿಲ್ಲ. ಸಂಶಯವಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಬೇಕು.

ಒಂದು ಹಳೆಯ ಕ್ರೇಟು, ನಾಲ್ಕು ಬುಟ್ಟಿ ಮರಳು, ಬೆಳಗಿನ ಐದು ನಿಮಿಷ ಇಷ್ಟೇ ಇದರ ಖರ್ಚು. ಇದರಿಂದ ಚೀಲದ ಕಾಳು, ಹಟ್ಟಿಯ ಮರಿ, ತೊಟ್ಟಿಲ ಕೂಸು ಮೂರಕ್ಕೂ ರಕ್ಷಣೆ ದೊರೆಯುತ್ತದೆ. ಇಲಿ ಕಾಯುವ ಬೆಕ್ಕೂ ಮನೆಯಲ್ಲಿಯೇ ಉಳಿಯುತ್ತದೆ.