ಹರ್ಷದನ ವರ್ಷವಲ್ಲ ಅದು

ತುರ್ಭೆ, ನವಿ ಮುಂಬಯಿ

ಪ್ರೀತಿಯ ಅಳಿಯ,

ಮಳೆ ಹಿಡಿದ ಮೇಲೆ ನಿನ್ನ ಅತ್ತೆಯ ಮಂಡಿನೋವು ಸ್ವಲ್ಪ ಜಾಸ್ತಿಯಾಗಿದೆ. ಮೊನ್ನೆ ಫೋನಿನಲ್ಲಿ ನೀನು, “ಮಾವ, 1992ರಲ್ಲಿ ನೀವು ಮುಂಬಯಿಯಲ್ಲೇ ಇದ್ದಿರಲ್ಲ, ಹರ್ಷದ್ ಮೆಹ್ತಾನನ್ನು ನೋಡಿದ್ದೀರಾ?” ಎಂದು ಕೇಳಿದೆ. ಆ ಶೇರು ದಲ್ಲಾಳಿಯ ವೆಬ್ ಸೀರೀಸ್ ನೋಡಿದ ಹುಡುಗರೆಲ್ಲ ಕೇಳುವುದು ಇದನ್ನೇ. ನೋಡಿಲ್ಲ ಮಾರಾಯ. ಅವನು ವರ್ಳಿಯ ಸಮುದ್ರದ ಕಡೆಯವನು, ನಾನು ಖಾಡಿಯ, ಅಂದರೆ ಕಡಲ ಹಿನ್ನೀರಿನ, ಈಚೆ ಕಾಂದಾ-ಬಟಾಟೆ ಮಾರ್ಕೆಟ್ಟಿನ ಬದಿಯ ಹೋಟೆಲಿನಲ್ಲಿ ಗಲ್ಲೆಗೆ ಕೂತವನು. ಫೋನಿನಲ್ಲಿ ಉದ್ದಕ್ಕೆ ಹೇಳಹೊರಟರೆ ನಿನಗೆ ಮೀಟಿಂಗ್ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಶೇರಿನ ಹುಚ್ಚು ಖಾಡಿ ದಾಟಿ ಇಲ್ಲಿಗೂ ಬಂದಿತ್ತು, ಇಲ್ಲವೆನ್ನುವುದಿಲ್ಲ. ಜನವರಿ ನಡುವಿನಲ್ಲಿ ಸೆನ್ಸೆಕ್ಸ್ 2000 ದಾಟಿತು. ಫೆಬ್ರವರಿ 29ಕ್ಕೆ, ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದಾಗ 3000. ಮಾರ್ಚ್ ಮುಗಿಯುವುದರೊಳಗೆ 4000. ದಲಾಲರ ಗುಮಾಸ್ತರು ಕಟಿಂಗ್ ಚಾ ಕುಡಿಯುತ್ತ ಈರುಳ್ಳಿ ಭಾವ ಬಿಟ್ಟು ಎಸಿಸಿ ಸಿಮೆಂಟಿನ ಭಾವ ಮಾತಾಡುತ್ತಿದ್ದರು. ಬೆನ್ನ ಮೇಲೆ ಗೋಣಿ ಹೊರುವ ಮಾಥಾಡಿಗಳು ಮಾತ್ರ ಆ ಸುದ್ದಿಗೇ ಹೋಗಲಿಲ್ಲ. ಏಪ್ರಿಲ್ 23ರಂದು ಟೈಮ್ಸ್ ಆಫ್ ಇಂಡಿಯಾದಲ್ಲಿ ಸುಚೇತಾ ದಲಾಲ್ ಬರೆದ ಮೇಲೆ ಗುಟ್ಟು ರಟ್ಟಾಯಿತು. ಸರ್ಕಾರಿ ಸಾಲಪತ್ರಗಳನ್ನು ಬ್ಯಾಂಕುಗಳು ಕೆಲವೇ ದಿನಗಳ ಮಟ್ಟಿಗೆ ಒಂದಕ್ಕೊಂದು ಮಾರಿ ಮತ್ತೆ ಕೊಳ್ಳುತ್ತಿದ್ದವು. ನಡುವೆ ನಿಂತ ದಲ್ಲಾಳಿ ಹರ್ಷದ್ ಆ ದುಡ್ಡನ್ನು ಶೇರಿಗೆ ಸುರಿದಿದ್ದ. ಕೆಲವು ಬ್ಯಾಂಕ್ ರಸೀದಿಗಳ ಹಿಂದೆ ಸಾಲಪತ್ರವೇ ಇರಲಿಲ್ಲ. ಕೊನೆಗೆ ಜಾನಕಿರಾಮನ್ ಸಮಿತಿ ಹಾಕಿದ ಲೆಕ್ಕ 4000 ಕೋಟಿ ರೂಪಾಯಿಗೂ ಮೇಲೆ. ಏಪ್ರಿಲ್ 28ರಂದು ಒಂದೇ ದಿನ ಪೇಟೆ ಶೇಕಡಾ 12ಕ್ಕಿಂತ ಹೆಚ್ಚು ಕುಸಿಯಿತು. ಅದೇ ದಿನ ಮುಂಬಯಿಯಲ್ಲಿ ನಮ್ಮ ವಿ.ಕೃ. ಗೋಕಾಕರು ತೀರಿಕೊಂಡರು. ಜ್ಞಾನಪೀಠ ಬಂದು ಹೆಚ್ಚು ದಿನವಾಗಿರಲಿಲ್ಲ. ನಿನ್ನ ಸೀರೀಸಿನಲ್ಲಿ ಅದು ಬರುವುದಿಲ್ಲ ಬಿಡು.

ನನ್ನನ್ನು ಕೇಳಿದರೆ ಆ ವರ್ಷದ ದೊಡ್ಡ ಸುದ್ದಿ ಮೇ 9ರದ್ದು. ಅಂದು ಮಾನ್‌ಖುರ್ದ್‌ನಿಂದ ಖಾಡಿ ದಾಟಿ ಮೊದಲ ಲೋಕಲ್ ವಾಶಿಗೆ ಬಂತು. ಅದಕ್ಕೆ ಮೊದಲು ಮುಂಬಯಿಗೆ ಹೋಗುವುದೆಂದರೆ ಎಪ್ಪತ್ತರ ದಶಕದ ಆ ಒಂದೇ ರಸ್ತೆ ಸೇತುವೆ. ಅದರ ಮೇಲೆ ಒಂದು ಲಾರಿ ಕೆಟ್ಟು ನಿಂತರೆ ಸಾಕು, ಕಾಲೇಜು, ಆಫೀಸು, ಹೆರಿಗೆ ಎಲ್ಲವೂ ಅದರ ಹಿಂದೆ ಕ್ಯೂ ನಿಲ್ಲಬೇಕು. ನಮ್ಮ ಹೋಟೆಲಿನ ಹುಡುಗರು ಮಧ್ಯಾಹ್ನದ ರಜೆಯಲ್ಲಿ ಕೆಲಸವಿಲ್ಲದಿದ್ದರೂ ಮಾನ್‌ಖುರ್ದ್‌ಗೆ ಹೋಗಿ, ಅದೇ ಗಾಡಿಯಲ್ಲಿ ತಿರುಗಿ ಬರುತ್ತಿದ್ದರು. ಬಾಗಿಲಲ್ಲಿ ನಿಂತರೆ ಕೆಳಗೆ ಕೆಸರು, ಕಾಂದಳ ಕಾಡು, ಉಪ್ಪಿನ ಗಾಳಿ. “ನಮ್ಮ ಉದ್ಯಾವರ ಹೊಳೆಯ ಹಾಗೇ ಉಂಟು” ಎಂದ ಒಬ್ಬ. ಅಷ್ಟೇನೂ ಇಲ್ಲ, ಆದರೆ ಊರು ಬಿಟ್ಟು ಬಂದ ಹುಡುಗನಿಗೆ ಹಾಗೆ ಕಂಡರೆ ಬೇಡವೆನ್ನಲು ನಾನು ಯಾರು?

ಆ ಹಳಿಯ ಖರ್ಚಿನಲ್ಲಿ ಶೇಕಡಾ 67 ಕೊಟ್ಟದ್ದು ಇಲ್ಲಿ ಜಾಗ ಮಾರಿ ಊರು ಕಟ್ಟಿದ ಸಿಡ್ಕೊ, ಉಳಿದದ್ದು ರೈಲ್ವೆ. ಎಂದರೆ ಇಲ್ಲಿ ಜಾಗ ಕೊಂಡವರ ದುಡ್ಡೇ ತಿರುಗಿ ರೈಲಾಗಿ ಬಂತು. ಆ ವರ್ಷದ ಜನವರಿ 1ಕ್ಕೇ ನವಿ ಮುಂಬಯಿ ಮಹಾನಗರಪಾಲಿಕೆಯೂ ಶುರುವಾಗಿತ್ತು. ಆದರೆ ಮೊದಲ ಚುನಾವಣೆಗೆ 1995ರವರೆಗೆ ಕಾಯಬೇಕಾಯಿತು. ತುರ್ಭೆಗೇ ಸ್ಟೇಷನ್ ಬರಲು 2004ರ ನವೆಂಬರ್ ಆಯಿತು, ಅದೂ ಠಾಣೆಯ ಕಡೆಯಿಂದ. ಅಲ್ಲಿಯವರೆಗೆ ನಮಗೆ ವಾಶಿಯೇ ಗತಿ. ಆ 1992ರಲ್ಲೇ ಅಕ್ಟೋಬರ್ 2ಕ್ಕೆ ಝೀ ಟಿವಿ ಬಂತು, ಮಾಳಿಗೆಯಿಂದ ಮಾಳಿಗೆಗೆ ಕೇಬಲ್ ಎಳೆದರು, ರಾತ್ರಿ ಬೇಗ ಮಲಗುತ್ತಿದ್ದ ಚಾಳುಗಳು ಮಲಗುವುದನ್ನೇ ಮರೆತವು.

ಇನ್ನು ಡಿಸೆಂಬರ್.

6ನೇ ತಾರೀಕು ಭಾನುವಾರ. ಅಯೋಧ್ಯೆಯಲ್ಲಿ ಬಾಬ್ರಿ ಮಸೀದಿ ಕೆಡವಿದ ಸುದ್ದಿ ಸಂಜೆಯೊಳಗೆ ಎಲ್ಲ ಕಡೆ ಹಬ್ಬಿತು. ಆಮೇಲೆ ಮುಂಬಯಿ ಹೊತ್ತಿಕೊಂಡದ್ದು ಎರಡು ಸಲ, ಡಿಸೆಂಬರಿನಲ್ಲಿ ಒಮ್ಮೆ, ಜನವರಿಯಲ್ಲಿ ಇನ್ನೊಮ್ಮೆ. ಗಲಭೆಯ ತನಿಖೆ ಮಾಡಿದ ಶ್ರೀಕೃಷ್ಣ ಆಯೋಗ ಲೆಕ್ಕ ಹಿಡಿದದ್ದು 900 ಹೆಣಗಳನ್ನು. ನಮ್ಮ ಧಣಿ ಅರ್ಧ ಶಟರ್ ಎಳೆದು, ಹುಡುಗರನ್ನೆಲ್ಲ ಒಳಗೇ ಮಲಗಿಸಿದರು. ಊರಿಂದ ತಾಯಂದಿರು ಎಸ್‌ಟಿಡಿ ಬೂತಿನಿಂದ ಮಾಡಿದ ಫೋನಿಗೆ ಉತ್ತರ ಹೇಳುವುದೇ ನನ್ನ ಕೆಲಸವಾಯಿತು. ನಿನ್ನಜ್ಜಿಯೂ ಮಾಡಿದ್ದರು. “ಹೊರಗೆ ಹೋಗಬೇಡ” ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ನಿಮಿಷದ ಲೆಕ್ಕದಲ್ಲಿ ದುಡ್ಡು ಏರುತ್ತಿತ್ತಲ್ಲ.

ನಮ್ಮ ಉದ್ರಿ ಪುಸ್ತಕದಲ್ಲಿ ಹರಿದ ಗೋಣಿಗೆ ತೇಪೆ ಹಾಕುವವರ ಹೆಸರುಗಳಿದ್ದವು. ಗೋವಂಡಿ ಕಡೆಯ ಮುಸಲ್ಮಾನರು. ಮೊದಲೆಲ್ಲ ಬಸ್ಸಿಗೆ ಕಾದು ತಡವಾಗಿ ಬರುತ್ತಿದ್ದವರು, ಮೇ ತಿಂಗಳಿಂದ ಹೊಸ ಲೋಕಲ್ಲಿನಲ್ಲಿ ಬೆಳಿಗ್ಗೆಯೇ ಹಾಜರು. ಕೈಯಲ್ಲಿ ದಬ್ಬಳ, ಹೆಗಲಲ್ಲಿ ಸೆಣಬಿನ ಹುರಿ. ಮೊದಲು ಪೂರಿ-ಭಾಜಿ, ಆಮೇಲೆ ಕೆಲಸ. ತಿಂಗಳ ಕೊನೆಗೆ ಚುಕ್ತಾ. ಡಿಸೆಂಬರಿನ ಲೆಕ್ಕ ಚುಕ್ತಾ ಆಗಲೇ ಇಲ್ಲ. ಅವರಲ್ಲಿ ಒಬ್ಬ ಸಂಸಾರ ಕಟ್ಟಿಕೊಂಡು ಮುಂಬ್ರಾಕ್ಕೆ ಹೋದನೆಂದು ಬಹಳ ದಿನಗಳ ಮೇಲೆ ಕೇಳಿದೆ. ಹಾಗೆ ಹೋದವರು ಎಷ್ಟೋ ಮಂದಿ. ಕಲ್ಯಾಣದ ಲೋಕಲ್ಲಿನಲ್ಲಿ ಹೋಗುವಾಗ ಠಾಣೆ ದಾಟಿದ ಮೇಲೆ ಗುಡ್ಡದ ಬುಡದಲ್ಲಿ ಒತ್ತೊತ್ತಾಗಿ ಕಾಣುವ ಆ ಮುಂಬ್ರಾ ಅಷ್ಟು ಬೆಳೆದದ್ದು ಆ ಗಲಭೆಯ ನಂತರವೇ. ಉಳಿದವರ ಸುದ್ದಿ ಬರಲಿಲ್ಲ. ಧಣಿ ಆ ಬಾಕಿಯನ್ನು ಹೊಡೆದುಹಾಕಲು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಸ ಪುಸ್ತಕ ತೆರೆದಾಗ ಆ ಹೆಸರುಗಳನ್ನು ಇಳಿಸಿಕೊಳ್ಳಲಿಲ್ಲ, ಅಷ್ಟೆ.

ಅದೇ ಡಿಸೆಂಬರ್ 22, 23ರಂದು ಪಾರ್ಲಿಮೆಂಟು ಪಂಚಾಯತು ಮತ್ತು ನಗರಪಾಲಿಕೆಗಳಿಗೆ ಸಂವಿಧಾನದ ಬಲ ಕೊಡುವ 73 ಮತ್ತು 74ನೇ ತಿದ್ದುಪಡಿಗಳನ್ನು ಪಾಸು ಮಾಡಿತು. ಊರು ಬೆಂದ ಆ ದಿನಗಳಲ್ಲಿ ಅದನ್ನು ಓದಿದವರು ಯಾರು? ನಿನ್ನ ಅತ್ತೆ ನಲ್ಲಿ ನೀರಿಗಾಗಿ ನಗರಸೇವಕಿಯ ಹತ್ತಿರ ಜಗಳಕ್ಕೆ ಹೋಗುತ್ತಾಳಲ್ಲ, ಆ ಕುರ್ಚಿಯಲ್ಲಿ ಹೆಂಗಸು ಕೂರಲೇಬೇಕು ಎಂಬ ಮೀಸಲಾತಿಯ ಬೇರು ಅಲ್ಲಿದೆ. ಆ ವರ್ಷದಲ್ಲಿ ಗದ್ದಲ ಮಾಡಿ ಬಂದದ್ದು ಹರ್ಷದ್. ಸದ್ದಿಲ್ಲದೆ ಬಂದವು ಇನ್ನೂ ನಮ್ಮ ಮನೆಯಲ್ಲೇ ಇವೆ.

ನೀನು ಫೋನಿನಲ್ಲಿ ಆಪ್ಶನ್ ಆಡುತ್ತೀ ಎಂದು ತಂಗಿ ಹೇಳಿದಳು. ಬೈಯಲು ಬರೆದದ್ದಲ್ಲ. ನೀನು ದಿನವಿಡೀ ನೋಡುವ ಆ ನಿಫ್ಟಿಯ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಕಂಪನಿಯಾಗಿ ನೋಂದಣಿಯಾದದ್ದೂ 1992ರ ನವೆಂಬರಿನಲ್ಲೇ. ಶೇರುಪೇಟೆ ನೋಡಿಕೊಳ್ಳುವ ಸೆಬಿಗೆ ಕಾನೂನಿನ ಹಲ್ಲು ಬಂದದ್ದೂ ಅದೇ ವರ್ಷ. ಹಲ್ಲಿದ್ದರೂ ನಿನ್ನ ದುಡ್ಡಿಗೆ ಕಾವಲು ಕೂರಲು ಅವರೇನು ನಿನ್ನ ಮಾವಂದಿರಲ್ಲ. ಸಂಬಳದ ಮೊದಲ ಪಾಲು ಅಮ್ಮನ ಕೈಗೆ ಹೋಗಲಿ, ಉಳಿದದ್ದರಲ್ಲಿ ಏನು ಬೇಕಾದರೂ ಮಾಡು.

ಆಗಿನ್ನೂ ಕಟ್ಟುತ್ತಿದ್ದ ಕೊಂಕಣ ರೈಲ್ವೆಯ ಕಥೆ ಬರೆಯಲು ಈ ಹಾಳೆ ಸಾಲದು. ಆ ವರ್ಷ ಅವರ ಆಫೀಸು ಇಲ್ಲೇ ಬೇಲಾಪುರದಲ್ಲಿತ್ತು, ಈಗಲೂ ಇದೆ. ಊರಿಗೆ ಹೋಗುವ ನಮಗೆ ಮಾತ್ರ ಆಗ ಇನ್ನೂ ಘಾಟಿಯ ಬಸ್ಸು, ವಾಂತಿ, ಲಿಂಬೆಹಣ್ಣು. ಅಷ್ಟಮಿಗೆ ಪನ್ವೇಲಿನಿಂದ ಮತ್ಸ್ಯಗಂಧಕ್ಕೆ ಟಿಕೆಟ್ ಮಾಡಿಸಿದ್ದೇನೆ, ನಿನ್ನ ಅತ್ತೆಗೆ ಕೆಳಗಿನ ಬರ್ತೇ ಸಿಕ್ಕಿದೆ. ನೀನೂ ಬೆಂಗಳೂರಿನಿಂದ ಎರಡು ದಿನ ರಜೆ ಹಾಕಿ ಬಾ. ಬರುವಾಗ ಆ ಚಾರ್ಜರ್ ತಾ, ಹೋದ ಸಲ ನನ್ನದನ್ನು ಒಯ್ದಿದ್ದೀ.

ಇತಿ ನಿನ್ನ
ಮಾವ